ಚಳಿಗೆ ಪಿಕಪ್ ಸ್ಟಾರ್ಟ್ ಆಗುತ್ತಿಲ್ಲವೇ? ಮೊದಲು ಹೀಟರ್ ಪ್ಲಗ್ ನೋಡಿ

ಜನವರಿಯ ಒಂದು ಭಾನುವಾರ, ಬೆಳಗ್ಗೆ 5 ಗಂಟೆ. ಬಸಳೆ, ಹರಿವೆ, ಅಲಸಂಡೆ ಎಲ್ಲ ಹಿಂದಿನ ಸಂಜೆಯೇ ಕೊಯ್ದು, ಕಟ್ಟಿ, ಪಿಕಪ್‌ಗೆ ತುಂಬಿಸಿ ಆಗಿತ್ತು. ತೋಡಾರಿನಿಂದ ಹೊರಟು ಆರೂವರೆಗೆ ಮಂಗಳೂರಿನ ಸಂತೆ ಮುಟ್ಟಬೇಕು. ಕೀ ತಿರುಗಿಸಿದೆ. ಸೆಲ್ಫ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಹಿಂದಿನಿಂದ ಬಿಳಿ ಹೊಗೆ ಮಾತ್ರ. ಏಳೆಂಟು ಸಲ ಆದ ಮೇಲೆ ಬ್ಯಾಟರಿಯೂ ಟಿಕ್ ಟಿಕ್ ಅಂದು ಸುಮ್ಮನಾಯಿತು. ಪಕ್ಕದ ಮನೆಯ ಜೀಪಿನಿಂದ ಕೇಬಲ್ ಕೊಟ್ಟು ಹೊರಡುವಾಗ ಏಳೂವರೆ. ಕಾಯಂ ಗಿರಾಕಿಗಳು ಆಗಲೇ ಹೋಗಿ ಆಗಿತ್ತು. ಅರ್ಧ ಹರಿವೆ ವಾಪಸ್ ಬಂದು ದನಗಳಿಗೆ ಆಯಿತು.

"ಚಳಿ ಅಲ್ವಾ ಮಗಾ, ದಿನಾ ಕಾಲು ಗಂಟೆ ಸ್ಟಾರ್ಟ್ ಮಾಡಿ ಇಡು" ಅಂದರು ಅಪ್ಪ. ಹಾಗೇ ಮಾಡಿದೆ. ನಮ್ಮ ಗಾಡಿ ನಿಲ್ಲುವುದು ಹಟ್ಟಿಗೆ ತಾಗಿದ ಶೆಡ್ಡಿನಲ್ಲಿ. ನಾಲ್ಕನೇ ದಿನ ಹಾಲು ಕರೆಯುತ್ತಿದ್ದ ಅಮ್ಮ ತಲೆ ತಿರುಗುತ್ತದೆ ಎಂದು ಅಂಗಳಕ್ಕೆ ಬಂದು ಕೂತುಬಿಟ್ಟರು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯಬಲ್ಲದು. ಅವತ್ತಿನಿಂದ ಶೆಡ್ಡಿನೊಳಗೆ ಎಂಜಿನ್ ಓಡಿಸಿಟ್ಟದ್ದಿಲ್ಲ.

ಇನ್ನೊಂದು ನನಗೆ ಮೊದಲೇ ಹೊಳೆಯಬೇಕಿತ್ತು. ಸ್ಟಾರ್ಟ್ ಆದ ಮೇಲೆ ಬಿಸಿ ಮಾಡಿದರೆ ಸ್ಟಾರ್ಟ್ ಆಗದ ರೋಗ ಹೇಗೆ ಗುಣ ಆಗ್ತದೆ ಮಾರಾಯ್ರೆ?

ಮೂಡುಬಿದಿರೆಯ ಮೆಕ್ಯಾನಿಕ್ ಒಬ್ಬರು ಐದೇ ನಿಮಿಷದಲ್ಲಿ ಹಿಡಿದರು. ನಾಲ್ಕು ಹೀಟರ್ ಪ್ಲಗ್‌ಗಳಲ್ಲಿ ಎರಡು ಸತ್ತಿದ್ದವು. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ತಣ್ಣಗಿನ ಎಂಜಿನ್ ಆ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ಪ್ಲಗ್‌ಗಳ ಸಹಾಯ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯ ಚಿತ್ರದ ದೀಪ ಬರುತ್ತದಲ್ಲ, ಅದು ಆರುವವರೆಗೆ ಕಾಯಬೇಕು. ನಾನು ಒಂದು ದಿನವೂ ಕಾದವನಲ್ಲ! ಬಿಳಿ ಹೊಗೆ ಅಂದರೆ ಸುಡದೆ ಹೊರಬಿದ್ದ ಡೀಸೆಲ್.

ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು. ಕೀ ಆಫ್ ಇರುವಾಗ ಪ್ಲಗ್‌ನ ವಯರ್ ಬಿಚ್ಚಿ, ತುದಿಗೂ ಎಂಜಿನ್ ಬಾಡಿಗೂ ನಡುವೆ ಓಮ್ ಅಳೆಯಿರಿ. ಒಂದು ಓಮ್ ಆಸುಪಾಸು ಬಂದರೆ ಸರಿ, ಏನೂ ತೋರಿಸದಿದ್ದರೆ ಪ್ಲಗ್ ಹೋಗಿದೆ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ. ಟರ್ಮಿನಲ್ ಮೇಲಿನ ಬಿಳಿ ಪುಡಿ ಒರೆಸಿ. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಮಾತ್ರ ಹೊಡೆಯಲೇಬೇಡಿ, ಒಳಗೇ ಸ್ಫೋಟ ಆಗಬಹುದು.

"ಡೀಸೆಲ್ ಗಟ್ಟಿಯಾಗಿರಬಹುದು" ಎಂದವರೂ ಇದ್ದರು. ಅದು ಲಡಾಖಿನ ಕಥೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ನಮ್ಮ ಕಡೆ ಚಳಿ ಅಂದರೆ 18-20 ಡಿಗ್ರಿ, ಅಷ್ಟೆ.

ಹಾಗಂತ ಸ್ಟಾರ್ಟ್ ಆದ ಕೂಡಲೇ ರೇಸ್ ಕೊಡಬೇಡಿ. ಎಣ್ಣೆ ಮೇಲಿನವರೆಗೆ, ಟರ್ಬೊದವರೆಗೆ ಮುಟ್ಟಲು ಅರ್ಧದಿಂದ ಒಂದು ನಿಮಿಷ ಸಾಕು. ಆಮೇಲೆ ನಿಧಾನ ಹೊರಡಿ. ಲೋಡ್‌ನಲ್ಲಿ ಮೆಲ್ಲ ಓಡುವ ಎಂಜಿನ್ ನಿಂತಲ್ಲೇ ಓಡುವುದಕ್ಕಿಂತ ಬೇಗ ಬಿಸಿಯಾಗುತ್ತದೆ. ನಾನು ಮಿಜಾರು ದಾಟುವ ತನಕ ಎಳೆಸುವುದಿಲ್ಲ. 2020ರ ನಂತರದ ಬಿಎಸ್-6 ಗಾಡಿಯಲ್ಲಿ ಡಿಪಿಎಫ್ ಇದ್ದರೆ ಇನ್ನೂ ಜಾಗ್ರತೆ. ದಿನಾ ಸುಮ್ಮನೆ ಓಡಿಸಿಟ್ಟರೆ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ, ಅದರ ಖರ್ಚು ಹೀಟರ್ ಪ್ಲಗ್‌ನಷ್ಟು ಸಣ್ಣದಲ್ಲ.

ನಾಲ್ಕೂ ಪ್ಲಗ್ ಬದಲಿಸಿದೆ. ಈಗ ಶನಿವಾರ ರಾತ್ರಿಯೇ ಗಾಡಿಯನ್ನು ಅಂಗಳದಲ್ಲಿ, ರಸ್ತೆಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಅಪ್ಪ ಈಗಲೂ "ಸ್ವಲ್ಪ ಬಿಸಿ ಮಾಡು" ಅನ್ನುತ್ತಾರೆ. ಅಷ್ಟೊತ್ತಿಗೆ ನಾನು ಗೇಟು ದಾಟಿರುತ್ತೇನೆ.