ಎಡಿಎಚ್‌ಡಿ ಇರುವ ಮಗು ಮಾತ್ರೆ ಬೇಡವೆಂದಾಗ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಅಂಗಡಿ ನಡೆಸುವ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಹುಡುಗ ಗಲ್ಲಾದ ಹತ್ತಿರ ಕೂತರೆ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ, ಶಾಲೆಯಲ್ಲಿ ಮಾತ್ರ ಐದು ನಿಮಿಷ ಕೂರುವುದಿಲ್ಲ. ಇದಕ್ಕೆ ಕಾಯಿಲೆ ಅಂತ ಹೆಸರಿಟ್ಟು ಮಾತ್ರೆ ಯಾಕೆ?" ಕೇಳಿದರೆ ನ್ಯಾಯವಾದ ಪ್ರಶ್ನೆಯೇ. ಆದರೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಹೀಗೇ ಕಾಣಿಸುತ್ತದೆ. ಗಿರಾಕಿ ಬಂದು ಹೋಗುವ ಕಡೆ, ಇಷ್ಟವಾದ ಆಟದಲ್ಲಿ, ಮೊಬೈಲಿನಲ್ಲಿ ಗಮನ ತಾನಾಗಿ ನಿಲ್ಲುತ್ತದೆ. ಬೇಸರದ ಕೆಲಸದಲ್ಲಿ ಬೇಕೆಂದು ಗಮನ ನಿಲ್ಲಿಸುವ ಶಕ್ತಿ ಕಡಿಮೆ. ತೊಂದರೆ 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ಕಾಣಬೇಕು. ಇವನ್ನು ನೋಡಿಯೇ ವೈದ್ಯರು ಆ ಹೆಸರು ಹೇಳುತ್ತಾರೆ. ಬರೀ ತುಂಟತನಕ್ಕೆ ಯಾರೂ ಮಾತ್ರೆ ಬರೆಯಬಾರದು. ಆರು ವರ್ಷದೊಳಗಿನ ಮಕ್ಕಳಿಗಂತೂ ಮೊದಲು ತಂದೆತಾಯಿಗೆ ತರಬೇತಿ, ಆಮೇಲೆ ಔಷಧಿಯ ಮಾತು.

ಮಾತ್ರೆ ಬರೆದ ಮೇಲೆ ಮನೆಯಲ್ಲಿ ಇನ್ನೊಂದು ರಾಮಾಯಣ ಶುರುವಾಗುತ್ತದೆ. ಮಗು ಬಾಯಿ ಬಿಡುವುದಿಲ್ಲ, ಉಗಿಯುತ್ತದೆ, ನಾಲಗೆಯ ಕೆಳಗಿಟ್ಟು ಆಮೇಲೆ ಗಿಡದ ಬುಡಕ್ಕೆ ಹಾಕುತ್ತದೆ. ದೊಡ್ಡವರು ಇದನ್ನು ಹಟ ಎನ್ನುತ್ತಾರೆ. ಹತ್ತಿರ ಕೂರಿಸಿಕೊಂಡು ಯಾಕೆ ಬೇಡ ಎಂದು ಕೇಳಿದವರು ಕಡಿಮೆ. ಕೇಳಿದರೆ ಕಾರಣ ಇರುತ್ತದೆ. ಕೆಲವು ಮಕ್ಕಳಿಗೆ ನುಂಗಲು ಬರುವುದಿಲ್ಲ, ಅಷ್ಟೇ. ಬೆಲ್ಲದ ಸಣ್ಣ ಚೂರನ್ನು ನೀರಿನ ಜೊತೆ ನುಂಗಿಸಿ, ಆಮೇಲೆ ಸ್ವಲ್ಪ ದೊಡ್ಡದನ್ನು ಕೊಟ್ಟು, ಒಂದು ವಾರ ಅಭ್ಯಾಸ ಮಾಡಿಸಿದರೆ ಬಹಳ ಮಕ್ಕಳು ಕಲಿಯುತ್ತಾರೆ. ಇನ್ನು ಕೆಲವರಿಗೆ ಹೊಟ್ಟೆನೋವು, ತಲೆನೋವು, ರಾತ್ರಿ ನಿದ್ದೆ ಬಾರದಿರುವುದು. ದೊಡ್ಡ ಮಕ್ಕಳು "ಮಾತ್ರೆ ತಗೊಂಡರೆ ನಾನು ನಾನಾಗಿರುವುದಿಲ್ಲ, ನಗು ಬರುವುದಿಲ್ಲ" ಎನ್ನುತ್ತಾರೆ. ಇದನ್ನು ನೆಪ ಎಂದು ತಳ್ಳಬಾರದು. ಪ್ರಮಾಣ ಹೆಚ್ಚಾದಾಗ ಮಗು ಹೀಗೆ ಮಂಕಾಗುವುದುಂಟು. ಆ ಮಾತನ್ನು ಹಾಗೆಯೇ ವೈದ್ಯರಿಗೆ ಮುಟ್ಟಿಸಬೇಕು, ಅವರು ಪ್ರಮಾಣ ಇಳಿಸುತ್ತಾರೆ ಅಥವಾ ಔಷಧಿ ಬದಲಿಸುತ್ತಾರೆ.

ಜೈನ ಮನೆಗಳಲ್ಲಿ ಇದರ ಜೊತೆಗೆ ಊಟದ ವಿಷಯ ಸೇರುತ್ತದೆ. ಇದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಾಗಿ ಕೊಡುವ ಔಷಧಿ ಮೀಥೈಲ್‌ಫೆನಿಡೇಟ್. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಸಾಮಾನ್ಯ ಮಾತ್ರೆ ಮೂರು ನಾಲ್ಕು ಗಂಟೆ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಸುಮಾರು ಎಂಟು ಗಂಟೆ ನಡೆಯುತ್ತದೆ. ಅದು ನಡೆಯುವಷ್ಟು ಹೊತ್ತು ಹಸಿವು ಕಡಿಮೆ. ಮಧ್ಯಾಹ್ನದ ಡಬ್ಬಿ ತುಂಬಿದಂತೆಯೇ ಮನೆಗೆ ಬರುತ್ತದೆ. ಔಷಧಿಯ ಬಲ ಇಳಿದ ಮೇಲೆ, ಸಂಜೆ ಆರು ಏಳರ ಹೊತ್ತಿಗೆ, ಒಮ್ಮೆಲೇ ಹಸಿವು ಕೆರಳುತ್ತದೆ. ಆದರೆ ನಮ್ಮ ಸೀಮೆಯಲ್ಲಿ ನವೆಂಬರ್ ಕೊನೆಗೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ರಾತ್ರಿ ಭೋಜನ ತ್ಯಾಗ ಇರುವ ಮನೆಯಲ್ಲಿ ಅಷ್ಟರಲ್ಲಿ ಒಲೆ ಆರಿರುತ್ತದೆ. ಮಗುವಿಗೆ ಹಸಿವಿದ್ದಾಗ ಊಟವಿಲ್ಲ, ಊಟವಿದ್ದಾಗ ಹಸಿವಿಲ್ಲ. ತೂಕ ಇಳಿಯುತ್ತದೆ, ಸಿಡುಕು ಹೆಚ್ಚುತ್ತದೆ, ಮರುದಿನ ಬೆಳಿಗ್ಗೆ ಮಾತ್ರೆ ಕಂಡರೆ ಆಗುವುದಿಲ್ಲ. ಅಜ್ಜಿ "ಔಷಧಿಯಿಂದ ಕೂಸು ಸೊರಗಿತು" ಎನ್ನುವುದೂ ಸುಳ್ಳಲ್ಲ.

ಇದಕ್ಕೆ ದಾರಿ ಇದೆ. ಬೆಳಿಗ್ಗೆ ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿಂಡಿ: ತುಪ್ಪ ಹಾಕಿದ ದೋಸೆ, ರಾಗಿ ರೊಟ್ಟಿ, ಹಾಲು, ಬಾಳೆಹಣ್ಣು. ಕಾಫಿ ಕುಡಿಸಿ ಶಾಲೆಗೆ ಅಟ್ಟಿದರೆ ಆಗದು. ಶಾಲೆಯಿಂದ ಬಂದ ಕೂಡಲೇ, ಐದು ಗಂಟೆಯೊಳಗೆ, ಕುರುಕಲು ತಿಂಡಿಯ ಬದಲು ಪೂರ್ತಿ ಊಟ. ಸೂರ್ಯಾಸ್ತದ ಲೆಕ್ಕವನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಬೇಕು. ಮಾತ್ರೆಯ ಹೊತ್ತನ್ನು ಹಿಂದಕ್ಕೆ ತರುವುದು, ಬೇರೆ ಬಗೆಯ ಮಾತ್ರೆ ಕೊಡುವುದು ಅವರ ಕೈಯಲ್ಲಿದೆ. ಇಷ್ಟಾದರೂ ತೂಕ ಇಳಿದರೆ ಆ ಮಗುವಿಗೆ ರಾತ್ರಿ ಹಾಲು ಕೊಡುವ ವಿಷಯವನ್ನು ಮನೆಯ ಹಿರಿಯರು ಕೂತು ತೀರ್ಮಾನಿಸಬೇಕು. ವ್ರತ ತೆಗೆದುಕೊಂಡವರು ದೊಡ್ಡವರು, ಮಗು ಅಲ್ಲ. ದಶಲಕ್ಷಣ ಪರ್ವದಲ್ಲಿ ಅಕ್ಕನ ಜೊತೆ ತಾನೂ ಏಕಾಶನ ಮಾಡುತ್ತೇನೆಂದು ಮಗು ಹೊರಟರೆ, ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಮಾತ್ರೆಯನ್ನು ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಜೇನು ನಮ್ಮಲ್ಲಿ ನಿಷಿದ್ಧ, ಅದು ಒತ್ತಟ್ಟಿಗಿರಲಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿದರೆ ಎಂಟು ಗಂಟೆಯ ಔಷಧಿ ಒಮ್ಮೆಗೇ ಮೈಗೆ ಏರುತ್ತದೆ, ಅದು ಅಪಾಯ. ಕ್ಯಾಪ್ಸೂಲಿನ ಮೇಲಿನ ಕವಚ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಾಟಿನ್. ಇದು ಗೊತ್ತಾಗಿಯೇ ಬೇಡವೆನ್ನುವ ಮಕ್ಕಳಿದ್ದಾರೆ. ಅವರನ್ನು ಗದರಬಾರದು. ಮಾತ್ರೆ ರೂಪದಲ್ಲಿ ಅಥವಾ ಸಸ್ಯಜನ್ಯ ಕವಚದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನೇ ಕೇಳಬೇಕು. ಮನೆಯಲ್ಲೇ ಕ್ಯಾಪ್ಸೂಲ್ ಬಿಚ್ಚಬಾರದು.

ಮೋಸ ಮಾಡಿ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮೊಸರನ್ನದಲ್ಲಿ ಬಚ್ಚಿಟ್ಟ ಮಾತ್ರೆ ಒಮ್ಮೆ ನಾಲಗೆಗೆ ಸಿಕ್ಕಿದರೆ ಮಗು ಮೊಸರನ್ನವನ್ನೂ ಬಿಡುತ್ತದೆ, ತಾಯಿಯ ಮಾತನ್ನೂ ನಂಬುವುದಿಲ್ಲ. ಪೆಪ್ಪರ್‌ಮಿಂಟು ಎಂದು ಹೇಳಿ ಕೊಟ್ಟರೆ ತಂಗಿ ಡಬ್ಬಿ ಹುಡುಕಿ ತಿನ್ನುತ್ತಾಳೆ. ಕನ್ನಡಕ ಹಾಕಿದರೆ ಬೋರ್ಡು ಕಾಣುವ ಹಾಗೆ ಇದು ಗಮನಕ್ಕೆ, ನೀನು ದಡ್ಡನಾದ್ದರಿಂದ ಅಲ್ಲ ಎಂದು ನೇರವಾಗಿ ಹೇಳುವುದೇ ವಾಸಿ. ಬಂದ ನೆಂಟರ ಮುಂದೆ, ಬಸದಿಯ ಜಗಲಿಯಲ್ಲಿ ಮಾತ್ರೆಯ ಸುದ್ದಿ ಎತ್ತಬಾರದು. ಶಾಲೆಯಲ್ಲಿ "ಮೆಂಟಲ್" ಎಂಬ ಒಂದು ಪದ ಸಾಕು, ಮಗು ಮತ್ತೆ ಮುಟ್ಟುವುದಿಲ್ಲ. ತಂದೆ ಕೊಡು ಎಂದು, ಅಜ್ಜ ಬೇಡ ಎಂದು ಮಗುವಿನ ಎದುರಿಗೇ ವಾದಿಸುವ ಮನೆಯಲ್ಲಿ ಮಾತ್ರೆ ಒಳಗೆ ಹೋಗುವುದು ಕಷ್ಟ.

ಇನ್ನೊಂದು ಗೊಂದಲ ಔಷಧಿ ಅಂಗಡಿಯದು. ಮೀಥೈಲ್‌ಫೆನಿಡೇಟ್ ಕಾನೂನಿನ ಎಕ್ಸ್ ಪಟ್ಟಿಯಲ್ಲಿದೆ. ಮಾರಲು ಪ್ರತ್ಯೇಕ ಪರವಾನಗಿ ಬೇಕು, ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಆದ್ದರಿಂದ ಪೇಟೆಯ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಗಡಿಯವರು "ಇದು ಡ್ರಗ್ಸ್ ಸಾಲಿನದು" ಎಂದರೆ ತಂದೆತಾಯಿ ಹೆದರುತ್ತಾರೆ, ಆ ಹೆದರಿಕೆ ಮಗುವಿಗೆ ಹತ್ತುತ್ತದೆ. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಚಟವಾಗುವುದು ಅಪರೂಪ. ದುರುಪಯೋಗ ತಡೆಯಲು ಆ ಕಟ್ಟುನಿಟ್ಟು. ಮನೆಯಲ್ಲೂ ಬೀಗದಲ್ಲಿ ಇಡಬೇಕು. ಮುಗಿಯುವುದಕ್ಕೆ ಒಂದು ವಾರ ಮುಂಚೆಯೇ ತರಿಸುವ ಏರ್ಪಾಡು ಮಾಡಿಕೊಳ್ಳಬೇಕು.

ಮಗು ಉಗಿದರೆ ಅಂದಾಜಿನಲ್ಲಿ ಇನ್ನೊಂದು ಕೊಡಬಾರದು, ಮರೆತದ್ದಕ್ಕೆ ಮರುದಿನ ಎರಡು ಕೊಡಬಾರದು. ಮೀಥೈಲ್‌ಫೆನಿಡೇಟ್ ಒಂದು ದಿನ ತಪ್ಪಿದರೆ ಆಕಾಶ ಕಳಚಿ ಬೀಳದು. ಅಟೊಮೊಕ್ಸೆಟಿನ್ ಹಾಗಲ್ಲ, ದಿನವೂ ಕೊಡಬೇಕು, ಫಲ ಕಾಣಲು ಕೆಲವು ವಾರ ಬೇಕು. ಹತ್ತು ದಿನಕ್ಕೆ ಪ್ರಯೋಜನವಿಲ್ಲವೆಂದು ಬಿಡುವವರು ಇದನ್ನು ತಿಳಿದಿರಬೇಕು. ಕ್ಲೋನಿಡಿನ್ ಕೊಡುತ್ತಿದ್ದರೆ ಏಕಾಏಕಿ ನಿಲ್ಲಿಸಬಾರದು, ರಕ್ತದೊತ್ತಡ ಏರುತ್ತದೆ. ಎತ್ತರ, ತೂಕ, ನಾಡಿ, ರಕ್ತದೊತ್ತಡ ಪ್ರತಿ ಭೇಟಿಯಲ್ಲೂ ನೋಡಿಸಬೇಕು.

ತೋರಿಸಲು ದೂರ ಹೋಗಬೇಕಿಲ್ಲ. ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಮಾತು, ಕಲಿಕೆಯ ತೊಂದರೆಯೂ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಹೆಚ್ಚಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮನಸ್‌ನ ಉಚಿತ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಮಗು ಮಾತ್ರೆ ಬೇಡವೆಂದ ದಿನಗಳು, ಆ ದಿನ ತಿಂದದ್ದು, ಮಗು ಹೇಳಿದ ಕಾರಣ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತದೆ.