ಚಿತ್ತಾರದ ಬುಟ್ಟಿಗೆ ಜಗಲಿಯ ಬೆಳಕು

ತಾಳಗುಪ್ಪದ ಸಂಘವೊಂದರಲ್ಲಿ ನಾವು ಭೂಮಣ್ಣಿ ಬುಟ್ಟಿಯ ಫೋಟೋವನ್ನು ಫ್ಲಾಶ್ ಹಾಕಿ ತೆಗೆದಿದ್ದೆವು. ಕೆಮ್ಮಣ್ಣು ಕಿತ್ತಳೆಯಾಗಿ ಕಂಡಿತು. 'ಆ ಬಣ್ಣ ಇದಲ್ಲ' ಎಂದು ಗಿರಾಕಿ ಬುಟ್ಟಿ ವಾಪಸು ಕಳಿಸಿದರು. ಸಾಗಣೆ ಖರ್ಚು ಸಂಘದ ತಲೆಗೇ ಬಂತು.

ಫ್ಲಾಶ್ ಬೆಳಕು ಎದುರಿನಿಂದಲೇ ಬಡಿಯುತ್ತದೆ, ಅಕ್ಕಿಹಿಟ್ಟಿನ ಸಣ್ಣ ಗೆರೆ ಮಂಕಾಗುತ್ತದೆ. ಅದರ ಬದಲು ಜಗಲಿಯಲ್ಲಿ ಬಿಸಿಲು ತಾಗದ ಕಡೆ, ಬೆಳಕು ಪಕ್ಕದಿಂದ ಬೀಳೋ ಹಾಗೆ ಇಡಿ. ನೆರಳಿನ ಬದಿಗೆ ಬಿಳಿ ಪಂಚೆ ಹಿಡಿಯಿರಿ. ಮೋಡದ ದಿನವಾದರೆ ಇನ್ನೂ ಒಳ್ಳೇದು. ಮಲೆನಾಡಿನಲ್ಲಿ ಅದಕ್ಕೇನು ಬರವೇ! ಹಿಂದೆ ಪ್ಲಾಸ್ಟಿಕ್ ಕೊಡ ಕಾಣಬಾರದು.

ಭೂಮಿ ಹುಣ್ಣಿಮೆಗೆ ಈ ಬುಟ್ಟಿ ಗದ್ದೆಗೆ ಹೋಗುತ್ತದೆಂದು ಪೇಟೆಯವರಿಗೆ ಗೊತ್ತಿರುವುದಿಲ್ಲ. ಹೊತ್ತುಕೊಂಡು ಹೋಗುವ ಚಿತ್ರವೂ ಒಂದಿರಲಿ, ಅಳತೆಯೂ ತಿಳಿಯುತ್ತದೆ. ಕಳಿಸುವ ಮುಂಚೆ ಬುಟ್ಟಿಯ ಪಕ್ಕ ಮೊಬೈಲ್ ಹಿಡಿದು ನೋಡಿ. ಬಣ್ಣ ಹೊಂದದಿದ್ದರೆ ಮತ್ತೆ ತೆಗೆಯಿರಿ.