ಬಿಸಿಲಲ್ಲಿ ಬಾತುಗಳ ಬಣ್ಣ ಎಲ್ಲಿ ಹೋಯಿತು?

ಡಿಸೆಂಬರ್‌ನ ಒಂದು ಭಾನುವಾರ ನಾವು ಮನೆಮಂದಿಯೆಲ್ಲ ದೇವರಾಯನದುರ್ಗಕ್ಕೆ ಹೋಗಿದ್ದೆವು. ನಾಮದ ಚಿಲುಮೆಯಲ್ಲಿ ಬಂಡೆಯೊಳಗಿನ ನೀರು ನೋಡಿ, ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಊಟ ಮುಗಿಸಿ ತುಮಕೂರಿನ ಕಡೆ ಇಳಿಯುವಾಗ ಮಧ್ಯಾಹ್ನ ಒಂದು ಗಂಟೆ. ಬೆಟ್ಟದ ಕೆಳಗೆ ಒಂದು ಕೆರೆ. ನೀರಿನ ಮೇಲೆ ಐವತ್ತಕ್ಕೂ ಹೆಚ್ಚು ಬಾತುಗಳು ತೇಲುತ್ತಿದ್ದವು. "ಅಮ್ಮೀ, ಗಾಡಿ ನಿಲ್ಲಿಸೋಕೆ ಹೇಳಿ" ಎಂದು ಮಗಳು ಕೂಗಿದಳು. ಒಂಬತ್ತನೇ ತರಗತಿಯ ಹುಡುಗಿ. ಆಕೆಯ ಮಾಮು ಕೊಟ್ಟ ಹಳೆಯ ಕ್ಯಾಮೆರಾ ಕೊರಳಲ್ಲೇ ಇತ್ತು. ಬಿಸಿಲು ಕಣ್ಣು ಕುಕ್ಕುವಷ್ಟಿತ್ತು. ಇಷ್ಟು ಬೆಳಕಿದ್ದ ಮೇಲೆ ಫೋಟೋ ಚೆನ್ನಾಗಿ ಬರದೆ ಇರುತ್ತದೆಯೇ ಎಂದು ನಾನೂ ಅಂದುಕೊಂಡೆ.

ಮನೆಗೆ ಬಂದು ನೋಡಿದರೆ ಎಪ್ಪತ್ತು ಚಿತ್ರಗಳಲ್ಲಿ ಒಂದೂ ಸರಿಯಿಲ್ಲ. ಕೆಲವದರಲ್ಲಿ ಹೊಳೆಯುವ ನೀರು, ಅದರ ಮೇಲೆ ಕರಿ ಉಂಡೆಗಳು. ಇನ್ನು ಕೆಲವದರಲ್ಲಿ ಎದೆ ಬೆಳ್ಳಗಿರುವ ಹಕ್ಕಿಯ ಮೇಲೆ ಯಾರೋ ಸುಣ್ಣ ಬಳಿದ ಹಾಗೆ. ಹಕ್ಕಿಗಳು ಹಾರುವ ಚಿತ್ರ ಬೇಕೆಂದು ನನ್ನ ಕಿರಿಯ ಮಗ ಕೈ ಚಪ್ಪಾಳೆ ತಟ್ಟಿ ಎಬ್ಬಿಸಿದ್ದ. ಆ ಚಿತ್ರಗಳಲ್ಲಂತೂ ಆಕಾಶದಲ್ಲಿ ಚುಕ್ಕೆಗಳು ಮಾತ್ರ.

ಚಪ್ಪಾಳೆಯ ವಿಷಯ ಇಲ್ಲಿ ಹೇಳಲೇಬೇಕು. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು, "ಯಾಕವ್ವ ಅವುನ್ನ ಎಬ್ಬಿಸ್ತೀರಾ? ಎಲ್ಲಿಂದ್ಲೋ ಬಂದವೆ, ಸುಮ್ಕೆ ಕೂತವೆ" ಎಂದಿದ್ದರು. ನನಗೆ ನಾಚಿಕೆಯಾಯಿತು. ಹಾರಿದ ಬಾತುಗಳು ಆಚೆ ದಡಕ್ಕೆ ಹೋಗಿ ಇಳಿದವು. ನಾವಿದ್ದ ಅಷ್ಟು ಹೊತ್ತೂ ಮರಳಿ ಬರಲಿಲ್ಲ.

ನನ್ನ ಅಣ್ಣ, ಅಂದರೆ ಮಕ್ಕಳ ಮಾಮು, ತುಮಕೂರಿನಲ್ಲಿ ಬಹಳ ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಮಗಳು ಮುಖ ಸಪ್ಪೆ ಮಾಡಿಕೊಂಡು ಚಿತ್ರಗಳನ್ನು ತೋರಿಸಿದಾಗ ಅವರು ನಕ್ಕರು. "ಮಧ್ಯಾಹ್ನದ ಬಿಸಿಲಲ್ಲಿ ಮದುಮಗಳ ಫೋಟೋ ತೆಗೆದರೆ ಏನಾಗುತ್ತೆ ಗೊತ್ತಾ ಬೇಟಿ? ದುಪಟ್ಟಾದ ಜರಿಯೆಲ್ಲ ಬೆಳ್ಳಗೆ ಉರಿದುಹೋಗುತ್ತೆ, ಕಣ್ಣಿನ ಕೆಳಗೆ ಕರಿ ನೆರಳು ಬೀಳುತ್ತೆ. ಬಾತೂ ಅಷ್ಟೇ" ಎಂದರು. ನಮಗೆ ಆಶ್ಚರ್ಯ. ಬೆಳಕು ಹೆಚ್ಚಾದರೆ ಬಣ್ಣವೂ ಹೆಚ್ಚಾಗಬೇಕಲ್ಲವೇ?

ಹಾಗಾಗುವುದಿಲ್ಲ. ಬಾತಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬಾತಿನ ಬಾಲದ ಬುಡದಲ್ಲಿ ಒಂದು ಎಣ್ಣೆಯ ಗ್ರಂಥಿಯಿದೆ. ಕೊಕ್ಕಿನಿಂದ ಆ ಎಣ್ಣೆಯನ್ನು ತೆಗೆದು ಅದು ದಿನವಿಡೀ ಗರಿಗಳಿಗೆ ಸವರಿಕೊಳ್ಳುತ್ತದೆ. ಆದ್ದರಿಂದಲೇ ಗರಿಗಳು ಅಷ್ಟು ನುಣುಪು. ನೆತ್ತಿಯ ಮೇಲಿನ ಸೂರ್ಯ ಆ ನುಣುಪಿನ ಮೇಲೆ ಬಿದ್ದಾಗ ನಮಗೆ ಕಾಣುವುದು ಬಿಳಿ ಮಿನುಗು ಮಾತ್ರ. ಬಣ್ಣ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹೊಟ್ಟೆಯ ಭಾಗ ನೆರಳಲ್ಲಿ ಕಪ್ಪಾಗುತ್ತದೆ. ಸಾಲದ್ದಕ್ಕೆ ಬಿಸಿಗೆ ನೀರಿನ ಮೇಲಿನ ಗಾಳಿ ಕದಲುವುದರಿಂದ ದೂರದ ಹಕ್ಕಿ ಮಸುಕಾಗಿ ಕಾಣುತ್ತದೆ. ಎಂಥ ದುಬಾರಿ ಕ್ಯಾಮೆರಾ ಇದ್ದರೂ ಈ ಮಸುಕು ಹೋಗುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಬಾತುಗಳ ರೆಕ್ಕೆಯಲ್ಲಿ, ಕೆಲವು ಗಂಡು ಬಾತುಗಳ ತಲೆಯಲ್ಲಿ ಹೊಳೆಯುವ ಹಸಿರು ಇರುತ್ತದಲ್ಲ, ಅದು ಹಸಿರು ಬಣ್ಣವೇ ಅಲ್ಲ! ಗರಿಯೊಳಗಿನ ಅತಿ ತೆಳುವಾದ ಪದರಗಳು ಬೆಳಕನ್ನು ಒಡೆದು ಹಿಂದಕ್ಕೆ ಕಳಿಸುವುದರಿಂದ ಹುಟ್ಟುವ ಹೊಳಪು ಅದು. ನಮ್ಮ ಮನೆಗಳಲ್ಲಿ 'ಧೂಪ್ ಛಾಂವ್' ಎಂದು ಕರೆಯುವ ರೇಷ್ಮೆ ನೆನಪಿಸಿಕೊಳ್ಳಿ. ಒಂದು ಕಡೆಯಿಂದ ಹಸಿರು, ತಿರುಗಿಸಿದರೆ ನೇರಳೆ. ಅಲ್ಲಿ ಎರಡು ಬಣ್ಣದ ನೂಲಿನ ಆಟ, ಇಲ್ಲಿ ಬೆಳಕಿನದೇ ಆಟ. ಆದರೆ ಕಣ್ಣಿಗೆ ಕಾಣುವ ಸೊಗಸು ಒಂದೇ. ಬಾತು ಕತ್ತು ತಿರುಗಿಸಿದರೆ ಸಾಕು, ಹಸಿರು ತಲೆ ನೇರಳೆಯಾಗುತ್ತದೆ, ಮತ್ತೊಂದು ಗಳಿಗೆಗೆ ಕಪ್ಪಾಗುತ್ತದೆ. ಸೂರ್ಯ ನಮ್ಮ ಬೆನ್ನ ಹಿಂದೆ, ತಗ್ಗಿನಲ್ಲಿ ಇದ್ದಾಗ ಆ ಹೊಳಪು ನೇರ ನಮ್ಮ ಕಡೆಗೆ ಬರುತ್ತದೆ.

ಅಣ್ಣ ಹೇಳಿದ ಲೆಕ್ಕ ಸುಲಭವಾಗಿದೆ. ನಿಮ್ಮ ನೆರಳನ್ನು ನೋಡಿ. ಅದು ನಿಮಗಿಂತ ಉದ್ದವಿದ್ದರೆ ಕ್ಯಾಮೆರಾ ತೆಗೆಯಿರಿ, ಗಿಡ್ಡವಿದ್ದರೆ ಒಳಗಿಡಿ. ನೆರಳು ಹಕ್ಕಿಯ ದಿಕ್ಕಿಗೆ ಬಿದ್ದಿರಬೇಕು. ಅಂದರೆ ಬೆಳಿಗ್ಗೆ ಕೆರೆಯ ಮೂಡಣ ದಡದಲ್ಲಿ, ಸಂಜೆ ಪಡುವಣ ದಡದಲ್ಲಿ ನಿಲ್ಲಬೇಕು. ನಿಲ್ಲುವುದಕ್ಕಿಂತ ಕುಳಿತರೆ ಇನ್ನೂ ಒಳ್ಳೆಯದು: ಹಕ್ಕಿಗೂ ಭಯ ಕಡಿಮೆ, ಚಿತ್ರದಲ್ಲಿ ಹಕ್ಕಿಯ ಕಣ್ಣೂ ಕಾಣುತ್ತದೆ.

ಬಿಸಿಲು ಏರಿದ ಮೇಲೆ ತೆಗೆಯಲೇಬೇಕಾದರೆ? ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನು ಸರಾಸರಿ ಮಾಡುತ್ತದೆ. ಸುತ್ತ ಕಪ್ಪು ನೀರಿದ್ದರೆ ಬೆಳಕು ಸಾಲದೆಂದು ಭ್ರಮಿಸಿ ಬಿಳಿ ಗರಿಯನ್ನು ಸುಟ್ಟುಬಿಡುತ್ತದೆ. ನೀರು ಹೊಳೆಯುತ್ತಿದ್ದರೆ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಮೊಬೈಲ್‌ನಲ್ಲಾದರೆ ಪರದೆಯ ಮೇಲೆ ಹಕ್ಕಿಯನ್ನು ಬೆರಳಿನಿಂದ ಮುಟ್ಟಿ, ಹೆಚ್ಚಿನ ಫೋನ್‌ಗಳಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕಪ್ಪಾದದ್ದನ್ನು ಆಮೇಲೆ ಒಂದಿಷ್ಟು ಬೆಳಗಿಸಬಹುದು, ಸುಟ್ಟುಹೋದ ಬಿಳಿ ಮರಳಿ ಬರುವುದಿಲ್ಲ. ಅನ್ನ ಅರೆಬೆಂದರೆ ಮತ್ತೆ ಬೇಯಿಸಬಹುದು, ತಳ ಹಿಡಿದರೆ ಏನು ಮಾಡುವುದು? ಪೋಲರೈಸ್ಡ್ ತಂಪು ಕನ್ನಡಕವಿದ್ದರೆ ಅದರ ಗಾಜನ್ನು ಫೋನಿನ ಲೆನ್ಸಿನ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ, ನೀರಿನ ಮಿನುಗು ಇಳಿದು ಬಣ್ಣ ಮೇಲೇಳುತ್ತದೆ. ರೀಲಿನ ಕಾಲದಲ್ಲಿ ಇಂಥ ಸೌಕರ್ಯ ಇರಲಿಲ್ಲ. ಪ್ರಖರ ಬಿಸಿಲಿದ್ದರೆ ಅಪರ್ಚರ್ 16, ನೂರರ ಫಿಲಂಗೆ ಶಟರ್ ಸೆಕೆಂಡಿನ ನೂರನೇ ಒಂದು ಭಾಗ ಎಂಬ ಬಾಯಿಪಾಠ ಅಣ್ಣನಿಗೆ ಇವತ್ತಿಗೂ ನಾಲಿಗೆ ತುದಿಯಲ್ಲಿದೆ.

ಮಾತು ನಾಮದ ಚಿಲುಮೆಗೆ ಹೊರಳಿತು. ಅಲ್ಲಿನ ಅರಣ್ಯ ಇಲಾಖೆಯ ಅತಿಥಿಗೃಹದಲ್ಲಿ 1930ರ ದಶಕದ ಕೊನೆಯ ವರ್ಷಗಳಲ್ಲಿ ಸಲೀಂ ಅಲಿ ತಂಗಿ ಹಕ್ಕಿಗಳನ್ನು ಅಧ್ಯಯನ ಮಾಡಿದ್ದರು. ಮುಂಬೈಯ ಬೊಹ್ರಾ ಕುಟುಂಬದಲ್ಲಿ 1896ರಲ್ಲಿ ಹುಟ್ಟಿದ ಅವರು ತಂದೆತಾಯಿಯನ್ನು ಬಾಲ್ಯದಲ್ಲೇ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದವರು. ಕಾಡುಮೇಡು ಸುತ್ತುವಾಗ ಜೊತೆಗಿರುತ್ತಿದ್ದ ಪತ್ನಿ ತೆಹಮಿನಾ 1939ರಲ್ಲಿ ತೀರಿಕೊಂಡರು. ಹಕ್ಕಿಗಳ ಪುಸ್ತಕಗಳಲ್ಲಿ ಆಕೆಯ ಹೆಸರು ಅಷ್ಟಾಗಿ ಕಾಣುವುದಿಲ್ಲ, ಆದರೆ ಡೇರೆಯ ಬದುಕನ್ನು ಆಕೆ ಹೇಗೆ ನಿಭಾಯಿಸಿರಬಹುದು ಎಂದು ನನ್ನಂಥವಳಿಗೆ ಅನಿಸದಿರದು. ಮೈಸೂರು ಸಂಸ್ಥಾನದ ಹಕ್ಕಿಗಳ ಬಗ್ಗೆ ಸಲೀಂ ಅಲಿಯವರು ಬರೆದದ್ದು 1942ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದೂ ಅವರ ಸಲಹೆಯಿಂದಲೇ.

ಆ ಕಾಲದಲ್ಲಿ ಹಕ್ಕಿಯನ್ನು ದಾಖಲಿಸುವುದೆಂದರೆ ಬಂದೂಕಿನಿಂದ ಹೊಡೆದು ಚರ್ಮ ಸುಲಿದು ಒಣಗಿಸಿಡುವುದು. ಗರಿಯ ಬಣ್ಣವೇನೋ ಬಹುಕಾಲ ಉಳಿಯುತ್ತದೆ. ಕೊಕ್ಕು, ಕಾಲು, ಕಣ್ಣಿನ ಬಣ್ಣ ಮಾತ್ರ ಜೀವ ಹೋದ ಮೇಲೆ ಮಾಸಿಹೋಗುತ್ತದೆ. ಅದಕ್ಕೇ ಆ ಬಣ್ಣಗಳನ್ನು ತಕ್ಷಣ ಚೀಟಿಯಲ್ಲಿ ಬರೆದು ಹಕ್ಕಿಯ ಕಾಲಿಗೆ ಕಟ್ಟುತ್ತಿದ್ದರು. ನನ್ನ ಮಗಳ ಹಳೆಯ ಕ್ಯಾಮೆರಾ ಇವತ್ತು ಆ ಚೀಟಿಯ ಕೆಲಸ ಮಾಡುತ್ತದೆ, ಹಕ್ಕಿ ಜೀವದಿಂದ ತೇಲುತ್ತಿರುವಾಗಲೇ. ಆದರೆ ಚಪ್ಪಾಳೆ ತಟ್ಟಿದರೆ ಅದೂ ಒಂದು ಬಗೆಯ ಬಂದೂಕೇ ಆಗುತ್ತದೆ ಎಂದು ಮಗನಿಗೆ ಅಣ್ಣ ಮೆಲ್ಲಗೆ ಹೇಳಿದರು. ಸೂಜಿಯಂಥ ಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತು ಮುಂತಾದವು ಉತ್ತರದ ಶೀತ ನಾಡುಗಳಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದವು. ಮರಳಿ ಹೋಗಲು ಮೈಯಲ್ಲಿ ಕೊಬ್ಬು ಕೂಡಿಡಬೇಕು. ಒಂದೊಂದು ಸಲ ಎಬ್ಬಿಸಿದಾಗಲೂ ಆ ಗಂಟಿನಿಂದ ಒಂದಿಷ್ಟು ಖರ್ಚು. ಇನ್ನು, ಅವು ಬಂದ ಹೊಸತರಲ್ಲಿ ಗಂಡುಗಳೂ ಹೆಣ್ಣಿನಂತೆ ಮಂಕು ಕಂದು. ಹಳೆಯ ಗರಿ ಉದುರಿ ಹೊಸ ಬಣ್ಣ ತುಂಬುವುದು ನಿಧಾನಕ್ಕೆ. ಬಣ್ಣದ ಬಾತು ಬೇಕಾದವರು ಜನವರಿ, ಫೆಬ್ರವರಿಗೆ ಕಾಯಬೇಕು.

ಜನವರಿ ಕೊನೆಯಲ್ಲಿ ನಾವು ಮತ್ತೆ ಹೋದೆವು. ಫಜರ್ ನಮಾಜ್ ಮುಗಿಸಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೊರಟು, ಸೂರ್ಯ ಮೇಲೇಳುವ ಹೊತ್ತಿಗೆ ಮೂಡಣ ದಡದಲ್ಲಿ ಕುಳಿತಿದ್ದೆವು. ಮೊದಲ ಅರ್ಧ ಗಂಟೆ ಮಂಜು, ಏನೂ ಕಾಣಲಿಲ್ಲ. ಮಗ ಎರಡು ಸಲ ಆಕಳಿಸಿದ, ಚಪ್ಪಾಳೆ ತಟ್ಟಲಿಲ್ಲ. ಬಿಸಿಲು ಹಳದಿಯಾಗಿ ನೀರಿಗೆ ಇಳಿದಾಗ ಜೊಂಡಿನ ಮರೆಯಿಂದ ಎರಡು ಬಾತು ಈಜುತ್ತಾ ಹತ್ತಿರ ಬಂದವು. ದೂರದೂರಿನವಲ್ಲ, ವರ್ಷವಿಡೀ ನಮ್ಮ ಕೆರೆಗಳಲ್ಲೇ ಇರುವ ಚುಕ್ಕೆಕೊಕ್ಕಿನ ಬಾತುಗಳು. ಮಗಳು ಉಸಿರು ಬಿಗಿಹಿಡಿದು ನಾಲ್ಕೇ ನಾಲ್ಕು ಚಿತ್ರ ತೆಗೆದಳು.

ಅಂದು ಆ ಅಜ್ಜಿಯೂ ಕುರಿಗಳೊಂದಿಗೆ ಬಂದರು. ಮಗಳು ಹತ್ತಿರ ಹೋಗಿ ಕ್ಯಾಮೆರಾದ ಪರದೆ ತೋರಿಸಿದಳು. ಮೀನಿನ ಹೊರೆಯಂತೆ ಅಂಚು ಕಟ್ಟಿದ ಕಂದು ಗರಿ, ರೆಕ್ಕೆಯ ಮೇಲೆ ಹಸಿರಿನ ಒಂದು ಪಟ್ಟಿ, ಕರಿ ಕೊಕ್ಕಿನ ತುದಿಗೆ ಅರಿಶಿನ ಹಚ್ಚಿದಂಥ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ. ಅಜ್ಜಿ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಉಟ್ಟಿದಾಗಿಂದ ಈ ಕೆರೆ ಮೇಲೇ ಇವ್ನಿ. ಇದ್ರ ಕೊಕ್ಕಿನ್ ತಾವ ಕುಂಕುಮ ಇಟ್ಟಂಗೈತೆ ಅಂತ ಇವತ್ತೇ ಕಂಡಿದ್ದು" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ ಕಿತ ತೋರ್ಸು ಮಗ" ಎಂದರು.